ಹಿತ್ತಲಿಗೆ ನೆರಳಿನ ಮರ: ಗುಂಡಿ ಆಳ ಬೇಡ, ಅಗಲ ಇರಲಿ

ನೆರಳಿಗೊಂದು ಮರ ಬೇಕು ಅನ್ನಿಸಿದ ತಕ್ಷಣ ನರ್ಸರಿಗೆ ಓಡಬೇಡಿ. ಮೊದಲು ಮಧ್ಯಾಹ್ನ ಮೂರು, ಮೂರೂವರೆಗೆ ಹಿತ್ತಲಲ್ಲಿ ನಿಂತು ಬಿಸಿಲು ಯಾವ ಗೋಡೆಗೆ ಹೊಡೆಯುತ್ತಿದೆ ನೋಡಿ. ಸೂರ್ಯ ನೆತ್ತಿಯ ಮೇಲಿದ್ದಾಗ ಮರದ ನೆರಳು ಬುಡದಲ್ಲೇ ಬೀಳುತ್ತದೆ. ಮನೆಯನ್ನು ಕಾಯಿಸುವುದು ಇಳಿಹೊತ್ತಿನ ಓರೆ ಬಿಸಿಲು. ಅದಕ್ಕೇ ಪಶ್ಚಿಮದ ಕಡೆ ಜಾಗವಿದ್ದರೆ ಮರ ಅಲ್ಲಿರಲಿ.

ಆ ಜಾಗದಲ್ಲಿ ತಲೆ ಎತ್ತಿ ನೋಡಿ, ಕರೆಂಟ್ ತಂತಿ ಇದೆಯಾ? ಕೆಳಗೆ ಸಂಪು, ಮೋರಿ ಪೈಪು? ಬೆಳೆದ ಮರದ ಹರವು 10 ಮೀಟರ್ ಅಂದರೆ ಗೋಡೆಯಿಂದ ಕನಿಷ್ಠ 5 ಮೀಟರ್ ದೂರ ಬಿಡಬೇಕು. ಈಗ ಮೊಣಕಾಲೆತ್ತರದ ಸಸಿ ನೋಡಿ ಇದೆಲ್ಲ ಜಾಸ್ತಿಯಾಯ್ತು ಅನ್ನಿಸಬಹುದು. ಆದರೂ ಬಿಡಿ.

ಇನ್ನೊಂದು ಪರೀಕ್ಷೆ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ. ಮರುದಿನವೂ ನೀರು ಹಾಗೇ ನಿಂತಿದ್ದರೆ ಬೇರೆ ಜಾಗ ನೋಡಿ. ಇಲ್ಲವೇ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ.

ಯಾವ ಮರ?

ಆಲ, ಅರಳಿ, ಅತ್ತಿ ಹಿತ್ತಲಿಗೆ ಬೇಡವೇ ಬೇಡ. ನೀರಿನ ಪೈಪು, ಗೋಡೆಯ ಬಿರುಕು ಯಾವುದನ್ನೂ ಇವುಗಳ ಬೇರು ಬಿಡುವುದಿಲ್ಲ. ಗುಲ್‌ಮೊಹರ್ ನೋಡಲು ಚೆಂದ, ಬೇಗ ಬೆಳೆಯುತ್ತದೆ. ಆದರೆ ಗಾಳಿಗೆ ಕೊಂಬೆ ಮುರಿಯುತ್ತದೆ, ಮೇಲುಬೇರು ನೆಲಹಾಸನ್ನು ಎತ್ತುತ್ತದೆ. ಸಾಮಾನ್ಯವಾಗಿ ಸರಸರ ಬೆಳೆಯುವ ಮರದ ಕೊಂಬೆಗೆ ಗಟ್ಟಿತನ ಕಡಿಮೆ.

ಬಿಸಿಲು ನಾಡಿನವರಿಗೆ ನನ್ನ ಮೊದಲ ಆಯ್ಕೆ ಹೊಂಗೆ. ಎಲೆ ಉದುರಿಸಿದರೂ ಬೇಗನೇ ಮತ್ತೆ ಚಿಗುರಿ, ಬಿಸಿಲಿಗೆ ದಟ್ಟ ನೆರಳು ಕೊಡುತ್ತದೆ. ಒಣ ನೆಲವಾದರೆ ಬೇವು, ಆದರೆ ಅದರ ಬುಡದಲ್ಲಿ ನೀರು ನಿಲ್ಲಬಾರದು. ಜಾಗ ಕಡಿಮೆ, ತಾಳ್ಮೆ ಜಾಸ್ತಿ ಇದ್ದವರಿಗೆ ರೆಂಜೆ. ನಿಧಾನ ಬೆಳೆಯುತ್ತದೆ, ವರ್ಷವಿಡೀ ಹಸಿರು.

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಚಿಕ್ಕ ಚೀಲದಲ್ಲಿ ಬಹಳ ದಿನ ಉಳಿದ ಉದ್ದನೆಯ ಸಸಿಯ ಬೇರು ಒಳಗೇ ಸುತ್ತಿಕೊಂಡು ಚಕ್ಕುಲಿಯಂತಾಗಿರುತ್ತದೆ. ಅದಕ್ಕಿಂತ ಗಿಡ್ಡ, ಬುಡ ದಪ್ಪ, ನೆಟ್ಟಗಿನ ಒಂದೇ ಕಾಂಡವಿರುವುದು ಒಳ್ಳೆಯದು.

ನೆಡುವುದು

ಮಳೆ ಹಿಡಿದ ಮೇಲೆ ನೆಟ್ಟರೆ ನಿಮ್ಮ ಅರ್ಧ ಕೆಲಸ ಮಳೆಯೇ ಮಾಡುತ್ತದೆ. ಗುಂಡಿಯ ವಿಷಯದಲ್ಲಿ ಮಾತ್ರ ಹಳೆಯ ಅಭ್ಯಾಸ ಬಿಡಬೇಕು. ಎಲ್ಲರೂ ಆಳಕ್ಕೆ ತೋಡುತ್ತಾರೆ. ಮರದ ಹೆಚ್ಚಿನ ಬೇರು ಇರುವುದು ಮೇಲಿನ ಒಂದೂವರೆ, ಎರಡು ಅಡಿ ಮಣ್ಣಿನಲ್ಲಿ. ಬೇರಿಗೆ ಗಾಳಿಯೂ ಬೇಕು, ಅದು ಸಿಗುವುದು ಅಲ್ಲೇ. ಆಳಕ್ಕೆ ತೋಡಿ ಸಡಿಲ ಮಣ್ಣು ತುಂಬಿದರೆ ಮಣ್ಣು ಕುಸಿದು ಸಸಿಯೂ ಕೆಳಗಿಳಿಯುತ್ತದೆ. ಚೀಲದ ಮಣ್ಣಿನ ಹೆಂಟೆ ಎಷ್ಟು ಎತ್ತರವೋ ಗುಂಡಿ ಅಷ್ಟೇ ಆಳ ಸಾಕು. ಅಗಲ ಮಾತ್ರ ಹೆಂಟೆಯ ಎರಡರಿಂದ ಮೂರರಷ್ಟಿರಲಿ.

ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ. ಬಿಡಿಸಲು ಬಾರದಿದ್ದರೆ ಹೆಂಟೆಯ ಬದಿಯಲ್ಲಿ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಗೆ ಚಾಕುವಿನಲ್ಲಿ ಗೀರಿ. ಕರುಣೆ ಬೇಡ. ಸುತ್ತಿದ ಬೇರು ಮುಂದೆ ದಪ್ಪವಾಗಿ ಬುಡವನ್ನೇ ಹಿಸುಕುತ್ತದೆ.

ಈಗ ಹೆಂಟೆಯ ಮೇಲಿನ ಮಣ್ಣನ್ನು ಬೆರಳಿನಿಂದ ಕೆರೆದು ನೋಡಿ. ಕಾಂಡ ಅಗಲವಾಗಿ ಬೇರಾಗಿ ತಿರುಗುವ ಒಂದು ಜಾಗ ಸಿಗುತ್ತದೆ. ಅದು ನೆಲದ ಮಟ್ಟದಲ್ಲಿರಬೇಕು, ಒಂದು ಬೆರಳು ಮೇಲಿದ್ದರೂ ಸರಿ. ಮಣ್ಣಿನಡಿ ಹೂತುಹೋದರೆ ತೊಗಟೆ ಕೊಳೆಯುತ್ತದೆ. ಗಿಡ ತಕ್ಷಣ ಸಾಯುವುದಿಲ್ಲ, ಎಷ್ಟೋ ವರ್ಷ ಸೊರಗಿ ನಿಲ್ಲುತ್ತದೆ. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ತೋಡಿದ ಮಣ್ಣನ್ನೇ ವಾಪಸ್ ತುಂಬಿ. ಅರ್ಧ ತುಂಬಿದ ಮೇಲೆ ನೀರು ಹಾಕಿ ಮಣ್ಣು ಕೂರಿಸಿ, ಆಮೇಲೆ ಉಳಿದದ್ದು. ಕಾಲಲ್ಲಿ ತುಳಿದು ಗಟ್ಟಿ ಮಾಡಬೇಡಿ. ಗುಂಡಿಗೆ ಗೊಬ್ಬರ ಸುರಿಯುವುದೂ ಬೇಡ. ಬರೀ ಗುಂಡಿಯ ಮಣ್ಣು ಹದವಾಗಿದ್ದರೆ ಬೇರು ಹೊರಗೆ ಹೋಗದೆ ಅಲ್ಲೇ ಸುತ್ತುತ್ತದೆ ಅಲ್ವಾ? ಕಾಂಪೋಸ್ಟ್ ಇದ್ದರೆ ಮೇಲೆ ಹರಡಿ. ಅದರ ಮೇಲೆ ಎರಡು ಮೂರು ಇಂಚು ಒಣ ಎಲೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ.

ಸಸಿ ತಾನಾಗಿ ನಿಂತರೆ ಕೋಲು ಬೇಕಿಲ್ಲ. ಗಾಳಿಗೆ ಓಲಾಡಿದಷ್ಟೂ ಕಾಂಡ ಗಟ್ಟಿಯಾಗುತ್ತದೆ. ವಾಲುತ್ತಿದ್ದರೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ವರ್ಷದೊಳಗೆ ಬಿಚ್ಚಿಬಿಡಿ.

ಮೊದಲ ಕೆಲವು ವಾರ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನಿಧಾನವಾಗಿ ಆಳಕ್ಕಿಳಿಯುವಂತೆ ನೀರು ಕೊಡಿ. ದಿನಾ ಸುಮ್ನೆ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಎರಡು ವರ್ಷ ಇದು ತಪ್ಪಬಾರದು. ಗಿಡ ಹರಡಿದಂತೆ ಪಾತಿಯನ್ನೂ ಹೊರಕ್ಕೆ ಅಗಲಿಸುತ್ತಾ ಹೋಗಿ.

ಮೊದಲ ವರ್ಷ ಮುರಿದ, ಒಣಗಿದ ಕೊಂಬೆ ಬಿಟ್ಟು ಏನನ್ನೂ ಕತ್ತರಿಸಬೇಡಿ. ಆಮೇಲೆ ತುದಿಯಲ್ಲಿ ಒಂದೇ ದಪ್ಪದ ಎರಡು ಕವಲು ಪೈಪೋಟಿ ನಡೆಸುತ್ತಿದ್ದರೆ ಎಳೆಯದಾಗಿದ್ದಾಗಲೇ ಒಂದನ್ನು ತೆಗೆಯಿರಿ. ದೊಡ್ಡದಾದ ಮೇಲೆ ಬಿರುಗಾಳಿಗೆ ಮರ ಸೀಳುವುದು ಆ ಕವಲಿನಲ್ಲೇ.