ದೇವರ ಹಚ್ಚೆ: ಸೂಜಿ ಹಿಡಿಯುವ ಮೊದಲು ನಾನು ನೋಡುವುದು

ಓಂ ಬೇಕು, ತ್ರಿಶೂಲ ಬೇಕು ಅಂತ ಬಂದವರಿಗೆ ನಾನು ಮೊದಲು ಕೇಳುವುದು ನೌಕರಿಯ ವಿಷಯ. ಬಿಎಸ್‌ಎಫ್, ಸಿಆರ್‌ಪಿಎಫ್ ಕಡೆ ಅರ್ಜಿ ಹಾಕುವ ಯೋಚನೆ ಇದೆಯಾ? ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳ ವೈದ್ಯಕೀಯ ನಿಯಮದಲ್ಲಿ ಧಾರ್ಮಿಕ ಚಿಹ್ನೆಗೆ, ದೇವರ ಹೆಸರಿಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ಜಾಗಕ್ಕೆ: ಹಚ್ಚೆ ಇರಬಹುದಾದ್ದು ಮುಂಗೈಯ ಒಳಭಾಗದಲ್ಲಿ, ಅದೂ ಸೆಲ್ಯೂಟ್ ಹೊಡೆಯದ ಎಡಗೈಯಲ್ಲಿ, ಇಲ್ಲವೇ ಅಂಗೈಯ ಹಿಂಬದಿಯಲ್ಲಿ ಮಾತ್ರ. ಅಳತೆ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ನಮ್ಮಲ್ಲಿ ದೇವರ ಕೆಲಸಕ್ಕೆ ಎಡಗೈ ಬೇಡ ಅನ್ನುವ ರೂಢಿ, ಹಾಗಾಗಿ ಬಂದವರು ಬಲಗೈಯನ್ನೇ ಚಾಚುತ್ತಾರೆ. ಎಡಗೈ ಮನಸ್ಸಿಗೆ ಒಪ್ಪದಿದ್ದರೆ ನೇಮಕಾತಿ ಮುಗಿಯುವ ತನಕ ತಡೆಯಿರಿ ಅನ್ನುತ್ತೇನೆ.

ಸೊಂಟದ ಕೆಳಗೆ ದೇವರನ್ನು ನಾನು ಹಾಕುವುದಿಲ್ಲ. 2015ರಲ್ಲಿ ಕಾಲಿನ ಮೇಲೆ ಯಲ್ಲಮ್ಮನ ಹಚ್ಚೆ ಇದ್ದ ಆಸ್ಟ್ರೇಲಿಯಾದ ವಿದ್ಯಾರ್ಥಿಯನ್ನು ಬೆಂಗಳೂರಿನ ಹೋಟೆಲೊಂದರಲ್ಲಿ ಸುತ್ತುವರಿದು ಪೀಡಿಸಿದ್ದು ದೊಡ್ಡ ಸುದ್ದಿಯಾಯಿತು. ಪೀಡಿಸಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಆದರೆ ಆ ಜಗಳವನ್ನು ಜೀವನಪೂರ್ತಿ ಹೊರುವುದು ಹಚ್ಚೆ ಹಾಕಿಸಿಕೊಂಡವರು. ಬೆರಳಿನ ಪಕ್ಕ, ಮಣಿಕಟ್ಟಿನ ಗೆರೆ ಕೂಡ ಬೇಡ. ಅಲ್ಲಿ ಚರ್ಮ ಸದಾ ಉಜ್ಜುತ್ತದೆ, ಮಡಚುತ್ತದೆ, ಶಾಯಿ ತೇಪೆತೇಪೆಯಾಗಿ ಹೋಗುತ್ತದೆ. ಅರ್ಧ ಅಳಿಸಿದ ದೇವರು ಯಾರಿಗೂ ಸಮಾಧಾನ ಕೊಡುವುದಿಲ್ಲ.

ಹೆಚ್ಚು ಜನ ಎಡವುವುದು ದಿಕ್ಕಿನಲ್ಲಿ. ಕೂತು ಕೈ ಮುಂದೆ ಚಾಚಿದಾಗ ತನಗೆ ನೇರ ಕಾಣುವಂತೆ ಶಿವನನ್ನು ಹಾಕಿಸಿಕೊಂಡರೆ, ಎದ್ದು ನಿಂತು ಕೈ ಇಳಿಬಿಟ್ಟಾಗ ಶಿವ ತಲೆಕೆಳಗು. ಅದಕ್ಕೇ ಸ್ಟೆನ್ಸಿಲ್ (ಚಿತ್ರವನ್ನು ಚರ್ಮಕ್ಕೆ ಇಳಿಸುವ ಕಾಗದ) ಅಂಟಿಸುವ ಮೊದಲು ಎದ್ದು ನಿಲ್ಲಿಸುತ್ತೇನೆ. ಕೈ ಇಳಿಬಿಟ್ಟಾಗ ತ್ರಿಶೂಲದ ಮೊನೆಗಳು ಮೊಣಕೈ ಕಡೆ ಇರಬೇಕು.

ಇನ್ನೊಂದು ಎಡವಟ್ಟು ಕನ್ನಡಿಯದು. ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಎಡಬಲ ತಿರುಗಿಸಿ ಉಳಿಸುತ್ತದೆ. ಸ್ಟೆನ್ಸಿಲ್ ಕಾಗದ ತಿರುವುಮುರುವಾದರೂ ಹಾಗೇ ಆಗುತ್ತದೆ. ಅಕ್ಷರ ಉಲ್ಟಾ ಆದರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಗಣಪತಿ ಉಲ್ಟಾ ಆದರೆ ಬೀಳುವುದಿಲ್ಲ. ಸೊಂಡಿಲು ಗಣಪತಿಯ ಎಡಕ್ಕೆ ತಿರುಗಿದ್ದರೆ ಎಡಮುರಿ, ಬಲಕ್ಕಾದರೆ ಬಲಮುರಿ. ಬಲಮುರಿಗೆ ಮಡಿ, ನೇಮ ಜಾಸ್ತಿ ಅಂತ ನಂಬುವ ಮನೆಗಳಿವೆ. ಎಡಮುರಿ ಕೇಳಿದವರ ತೋಳಿಗೆ ಬಲಮುರಿ ಕೂತರೆ ಅದು ಗೊತ್ತಾಗುವುದು ಮನೆಗೆ ಹೋಗಿ ಅಜ್ಜಿ ನೋಡಿದ ಮೇಲೆ. ಸ್ವಸ್ತಿಕಕ್ಕೂ ಇದೇ ಪರೀಕ್ಷೆ. ಅಯ್ಯಂಗಾರರ ನಾಮದಲ್ಲಿ ವಡಗಲೈ, ತೆಂಗಲೈ ಎಂಬ ಎರಡು ಪಂಗಡಗಳದು ಬೇರೆಬೇರೆ. ಇಂಟರ್‌ನೆಟ್ಟಿನ ಚಿತ್ರ ನಂಬದೆ, ಮನೆಯ ಹಿರಿಯರ ಹಣೆಯ ಫೋಟೊ ತರಲು ಹೇಳುತ್ತೇನೆ.

ಸ್ವಸ್ತಿಕ ಕೇಳುವವರಿಗೆ ಇನ್ನೊಂದು ಪ್ರಶ್ನೆ: ಜರ್ಮನಿಗೆ ಓದಲು, ಕೆಲಸಕ್ಕೆ ಹೋಗುವ ಇರಾದೆ ಇದೆಯಾ? ಅಲ್ಲಿ ನಾತ್ಸಿ ಚಿಹ್ನೆಯ ಪ್ರದರ್ಶನ ಅಪರಾಧ. ನಮ್ಮದು ಬೇರೆ, ಅವರದು ಬೇರೆ ಅಂತ ಬಾಯಲ್ಲಿ ವಿವರಿಸಬಹುದು, ಬಸ್ಸಿನಲ್ಲಿ ದೂರದಿಂದ ನೋಡಿದವರಿಗೆ ತೋಳು ಏನೂ ವಿವರಿಸುವುದಿಲ್ಲ.

ಅಕ್ಷರದ ವಿಷಯಕ್ಕೆ ಬಂದರೆ, ಕನ್ನಡವನ್ನು ಸರಿಯಾಗಿ ಜೋಡಿಸಲು ಬಾರದ ವಿನ್ಯಾಸದ ಆ್ಯಪ್‌ಗಳಲ್ಲಿ ‘ಶ್ರೀ’ ಒಡೆದು ‘ಶ್‌ರೀ’ ಆಗುತ್ತದೆ. ಫೋನಿನಲ್ಲಿ ಸರಿಯಾಗಿ ಮೂಡಿದ್ದನ್ನು ಚಿತ್ರವಾಗಿಯೇ ಉಳಿಸಿ, ಮುದ್ರಿಸಿ, ಕನ್ನಡ ಓದಲು ಬರುವ ಮೂರನೆಯವರೊಬ್ಬರಿಂದ ಗಟ್ಟಿಯಾಗಿ ಓದಿಸಿ. ಅಳತೆಯಲ್ಲಿ ಜಿಪುಣತನ ಬೇಡ. ಶಾಯಿ ಚರ್ಮದೊಳಗೆ 1ರಿಂದ 2 ಮಿ.ಮೀ. ಆಳದಲ್ಲಿ ಕೂರುತ್ತದೆ, ವರ್ಷಗಳು ಹೋದಂತೆ ಗೆರೆ ದಪ್ಪವಾಗುತ್ತದೆ. 5 ಮಿ.ಮೀ. ಎತ್ತರದಲ್ಲಿ ‘ಓಂ’ ಬರೆದರೆ ಸೊನ್ನೆ ಮುಚ್ಚಿ ಚುಕ್ಕಿಯಾಗುತ್ತದೆ. ಒತ್ತಕ್ಷರ ಇದ್ದರೆ 12 ಮಿ.ಮೀ.ಗಿಂತ ಕಡಿಮೆ ನಾನು ಬರೆಯುವುದಿಲ್ಲ, ಒಳಗಿನ ಖಾಲಿ ಜಾಗ 2 ಮಿ.ಮೀ. ಬಿಡುತ್ತೇನೆ. ‘ಓಂ ನಮಃ ಶಿವಾಯ’ವನ್ನು ಬಳೆಯಷ್ಟು ಸಣ್ಣಗೆ ಸುತ್ತಿಸಬೇಕೆಂಬ ಆಸೆ ಬಹಳ ಮಂದಿಗೆ. ವಿಸರ್ಗದ ಎರಡು ಸೊನ್ನೆ ಒಂದಾದ ಮೇಲೆ ಬೇಜಾರು ಅವರದೇ.

ಇಷ್ಟೆಲ್ಲ ಆದ ಮೇಲೂ ಅನುಮಾನ ಉಳಿದರೆ ಜಗುವಾ ಜೆಲ್‌ನಲ್ಲಿ (ಹಣ್ಣಿನ ರಸದ, ತಾನಾಗಿ ಮಾಸುವ ಬಣ್ಣ) ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ಬರೆದುಕೊಡುತ್ತೇನೆ. ಒಂದೆರಡು ದಿನದಲ್ಲಿ ಕಡುನೀಲಿಯಾಗಿ, ಒಂದರಿಂದ ಎರಡು ವಾರ ಇರುತ್ತದೆ. ಮಾಂಸದೂಟಕ್ಕೆ, ಬಾರಿಗೆ, ಸಾವಿನ ಮನೆಗೆ ಆ ಗುರುತಿನೊಂದಿಗೇ ಹೋಗಿಬನ್ನಿ. ಎರಡು ಸಲವಾದರೂ ತೋಳು ಮುಚ್ಚಿಕೊಳ್ಳಬೇಕು ಅನಿಸಿತಾ? ಹಾಗಾದರೆ ಶಾಯಿ ಬೇಡ. ಜಾತ್ರೆಯ ‘ಕಪ್ಪು ಮೆಹಂದಿ’ಯಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರಲ್ಲಿ ಬೆರೆಸುವ ಕೂದಲಿನ ಬಣ್ಣದ ರಾಸಾಯನಿಕದಿಂದ ಚರ್ಮ ಬೊಬ್ಬೆ ಬರುತ್ತದೆ. ಜಾತ್ರೆಯ ಮಷೀನ್ ಹಚ್ಚೆಯೂ ಬೇಡ. ಒಂದೇ ಸೂಜಿ ಹತ್ತು ಕೈಗೆ ಓಡಿದರೆ ಹೆಪಟೈಟಿಸ್ ಬಿ, ಸಿ ಹರಡುತ್ತವೆ.

ಶಂಖ, ಚಕ್ರ ಕೇಳುವ ಮಾಧ್ವರಿಗೆ ಉಡುಪಿಯಲ್ಲಿ ಪ್ರಥಮೈಕಾದಶಿಗೆ ತಪ್ತಮುದ್ರೆ (ಕಾಯಿಸಿದ ಲೋಹದ ಅಚ್ಚಿನಿಂದ ಒತ್ತುವ ಗುರುತು) ಇದ್ದೇ ಇದೆ. ಆ ಗುರುತು ಮಾಸುತ್ತದೆ, ವರ್ಷವರ್ಷ ಮತ್ತೆ ಹಾಕಿಸಿಕೊಳ್ಳಬಹುದು. ಕೆಲವರಿಗೆ ಬೇಕಾಗಿದ್ದೂ ಅದೇ ಇರುತ್ತದೆ.

ಬಣ್ಣಕ್ಕಿಂತ ಬರೀ ಕಪ್ಪು ವಾಸಿ. ಅಲರ್ಜಿ ಹೆಚ್ಚು ಕಾಣುವುದು ಕೆಂಪಿಗೆ, ಹಾಗಾಗಿ ಕುಂಕುಮದ ಬೊಟ್ಟನ್ನು ಖಾಲಿ ಬಿಡುವುದೇ ಒಳ್ಳೆಯದು. ನಾಳೆ ಲೇಸರ್‌ನಲ್ಲಿ ತೆಗೆಸಬೇಕಾದರೂ ಕಪ್ಪು ಬೇಗ ಹೋಗುತ್ತದೆ, ಹಸಿರು, ಹಳದಿ ಹಟ ಮಾಡುತ್ತವೆ. ಕಿವಿ ಚುಚ್ಚಿಸಿದಾಗ ಗಂಟು ಬೆಳೆದಿದ್ದವರು ಎದೆ, ಭುಜ ಬಿಡಬೇಕು. ಆ ಜಾಗಗಳಲ್ಲಿ ಕೀಲಾಯ್ಡ್, ಅಂದರೆ ಗಾಯದ ಮೇಲೆ ಉಬ್ಬುವ ಅಂಥ ಗಂಟು, ಸುಲಭವಾಗಿ ಏಳುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಗರ್ಭಿಣಿಯರಿಗೆ ಹಾಕುವುದಿಲ್ಲ. ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ.

ದಿನ ಗೊತ್ತು ಮಾಡುವಾಗ ಪಂಚಾಂಗದ ಜೊತೆ ಪ್ರಯಾಣವನ್ನೂ ನೋಡಿ. ಮೇಲಿನ ಚರ್ಮ ಕೂಡಲು 2ರಿಂದ 3 ವಾರ ಬೇಕು, ಅಲ್ಲಿಯವರೆಗೆ ಕಲ್ಯಾಣಿ, ನದಿ, ಸಮುದ್ರ ಯಾವುದರಲ್ಲೂ ಮುಳುಗುವಂತಿಲ್ಲ. ಶಬರಿಮಲೆಗೆ ಹೋಗುವವರು ಪಂಪಾ ಸ್ನಾನಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಿಸಿಕೊಳ್ಳಲಿ. ಹಸಿ ಹಚ್ಚೆಗೆ ಅರಿಶಿನ, ವಿಭೂತಿ, ಗಂಧ ತಾಗಿಸಬಾರದು. ಸೌಮ್ಯ ಸೋಪು, ನೀರು, ತೆಳ್ಳಗೆ ಸವರಿದ ಮುಲಾಮು ಸಾಕು.