ಕಸುಬುದಾರನನ್ನು ಬೋಧಕನನ್ನಾಗಿ ರೂಪಿಸುವ ಬಗೆ

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾಲದಿಂದಲೂ ದಾವಣಗೆರೆ ಸೀಮೆ ಒಳ್ಳೆಯ ಟರ್ನರುಗಳನ್ನೂ ಫಿಟ್ಟರುಗಳನ್ನೂ ಕಂಡಿದೆ. ಇಂಥವರನ್ನು ಐಟಿಐ ಅಥವಾ ಕಾರ್ಖಾನೆಯ ತರಬೇತಿ ವಿಭಾಗಕ್ಕೆ ಬೋಧಕರನ್ನಾಗಿ ತರುವಾಗ ಎದುರಾಗುವ ಮೊದಲ ತೊಡಕೆಂದರೆ, ವರ್ಷಗಟ್ಟಲೆ ಯಂತ್ರದ ಮುಂದೆ ನಿಂತವರ ಕೈಗೆ ಗೊತ್ತಿರುವುದೆಲ್ಲ ಬಾಯಿಗೆ ಬಂದಿರುವುದಿಲ್ಲ. ಆದ್ದರಿಂದ ತರಬೇತಿಯನ್ನು ಬೋಧನಾಶಾಸ್ತ್ರದ ಉಪನ್ಯಾಸದಿಂದಲ್ಲ, ಅವರದೇ ಕೆಲಸವನ್ನು ಬಿಡಿಸಿ ಬರೆಸುವುದರಿಂದ ಆರಂಭಿಸಬೇಕು.

ಫೇಸಿಂಗ್ ಕೆಲಸವನ್ನೇ, ಅಂದರೆ ಲೇತಿನಲ್ಲಿ ತಿರುಗುವ ಲೋಹದ ತುಂಡಿನ (ಜಾಬಿನ) ತುದಿಯ ಮುಖವನ್ನು ಸಮತಟ್ಟು ಮಾಡುವುದನ್ನೇ ತೆಗೆದುಕೊಳ್ಳಿ. ‘ಟೂಲ್ ಕಟ್ಟಿ ಫೇಸ್ ಹೊಡಿ’ ಎಂದು ಅನುಭವಿ ಟರ್ನರ್ ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಅವರು ಹೇಳದೆ ಬಿಡುವುದು ಇಷ್ಟು: ಲೋಹ ಕತ್ತರಿಸುವ ಟೂಲಿನ ತುದಿ ಸೆಂಟರ್ ಎತ್ತರಕ್ಕೆ, ಅಂದರೆ ಜಾಬು ತಿರುಗುವ ನಡುಗೆರೆಯ ಎತ್ತರಕ್ಕೆ ಸರಿಯಾಗಿರಬೇಕು, ಕೆಳಗಿದ್ದರೆ ಜಾಬಿನ ನಡುವೆ ಸಣ್ಣ ಮೊಳಕೆಯಂಥ ಲೋಹ ಉಳಿಯುತ್ತದೆ. ಟೂಲ್ ಹೆಚ್ಚು ಹೊರಚಾಚಿದ್ದರೆ ನಡುಗಿ ಮೇಲ್ಮೈ ಒರಟಾಗುತ್ತದೆ. ಜಾಬನ್ನು ಹಿಡಿದಿಡುವ ಚಕ್ಕನ್ನು ಬಿಗಿಮಾಡುವ ಕೀಲಿಯನ್ನು ತೆಗೆಯದೆ ಯಂತ್ರ ಚಾಲೂ ಮಾಡಿದರೆ ಅದು ಸಿಡಿದು ಯಾರಿಗಾದರೂ ಬಡಿಯಬಹುದು. ಪ್ರತಿ ಹಂತದ ಎದುರು ‘ಏಕೆ’ ಎಂಬ ಅಂಕಣವಿಟ್ಟು ಇವನ್ನೆಲ್ಲ ಬರೆಸಿ. ನನ್ನ ಮಟ್ಟಿಗೆ ಇಡೀ ತರಬೇತಿಯ ಜೀವ ಇರುವುದು ಈ ಅಂಕಣದಲ್ಲೇ, ಏಕೆಂದರೆ ಕಾರಣ ತಿಳಿಯದ ಹುಡುಗ ಯಂತ್ರ ಬದಲಾದ ಕೂಡಲೇ ಕೈಚೆಲ್ಲುತ್ತಾನೆ.

ಪಾಠ ಹೇಳುವ ಕ್ರಮ ಹಳೆಯ ನಾಲ್ಕು ಹಂತಗಳದೇ ಸಾಕು: ಕಲಿಯುವವರನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು, ಪರೀಕ್ಷಿಸುವುದು. ತೋರಿಸುವಾಗ ಒಮ್ಮೆ ಸಹಜ ವೇಗದಲ್ಲಿ, ಇನ್ನೊಮ್ಮೆ ನಿಧಾನವಾಗಿ ವಿವರಿಸುತ್ತ ಮಾಡಲಿ. ಕಷ್ಟವಾಗುವುದು ಮೂರನೆಯ ಹಂತ. ವಿದ್ಯಾರ್ಥಿ ತಡವರಿಸುತ್ತಿದ್ದಂತೆ ಟೂಲನ್ನು ಕಸಿದುಕೊಂಡು ತಾನೇ ಮಾಡಿಬಿಡುವುದು ನುರಿತವರ ಸ್ವಭಾವ. ಅಪಾಯವಿಲ್ಲದಿದ್ದರೆ ಕೈಕಟ್ಟಿ ನಿಂತು, ‘ಈಗ ಏನು ಮಾಡುತ್ತಿದ್ದೀಯ, ಏಕೆ?’ ಎಂದು ಕೇಳುವುದನ್ನು ಅವರಿಗೆ ರೂಢಿ ಮಾಡಿಸಬೇಕು. ಜಾಬನ್ನು ಕಣ್ಣಳತೆಯಿಂದ ಮೆಚ್ಚದೆ, ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನ ಹಿಡಿದು ಅಳೆದು ಅಂಕ ಕೊಡುವುದನ್ನೂ ಆಗಲೇ ಕಲಿಸಬೇಕು.

ಹತ್ತು ನಿಮಿಷದ ಕಿರುಪಾಠಗಳನ್ನು ಆ ಕಸುಬು ಬಾರದವರ ಮುಂದೆಯೇ ಮಾಡಿಸಿ. ವೆಲ್ಡರ್ ಹೇಳಿದ್ದು ಟೈಲರಿಂಗ್ ಬೋಧಕಿಗೆ ಅರ್ಥವಾದರೆ ಹೊಸ ವಿದ್ಯಾರ್ಥಿಗೂ ಅರ್ಥವಾಗುತ್ತದೆ. ಸಹ ವೆಲ್ಡರುಗಳಾದರೋ ಬಿಟ್ಟುಹೋದದ್ದನ್ನು ತಾವೇ ತುಂಬಿಕೊಂಡು ತಲೆಯಾಡಿಸುತ್ತಾರೆ.

ಔಪಚಾರಿಕ ಅರ್ಹತೆಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಒಂದು ವರ್ಷದ ಕುಶಲಕರ್ಮಿ ಬೋಧಕ ತರಬೇತಿ, ಅಂದರೆ ಸಿಐಟಿಎಸ್ ಇದೆ. ನಮ್ಮ ಭಾಗದವರು ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಇದನ್ನು ಪಡೆಯಬಹುದು. ಕೋರ್ಸ್ ಮುಗಿಸಿ ಬಂದವರಿಗೂ ಇಡೀ ತಂಡವನ್ನು ಮೊದಲ ದಿನವೇ ಒಪ್ಪಿಸಬೇಡಿ. ಹಿರಿಯ ಬೋಧಕರೊಬ್ಬರ ಜೊತೆಯಲ್ಲಿ ನಾಲ್ಕೈದು ವಿದ್ಯಾರ್ಥಿಗಳ ಗುಂಪಿನಿಂದ ಆರಂಭಿಸಿ, ಪ್ರತಿ ಪಾಠದ ನಂತರ ಆ ‘ಏಕೆ’ ಪಟ್ಟಿಯನ್ನು ಇಬ್ಬರೂ ಕೂತು ತಿದ್ದಲಿ.