ಎ.ಸಿ. ತಂಪು ಕೊಡುತ್ತಿಲ್ಲವೇ? ರಿಪೇರಿಯೋ ಹೊಸದೋ ನಿರ್ಧರಿಸುವುದು ಹೀಗೆ

ತಂಪು ಕಡಿಮೆಯಾಯಿತು, ಮೆಕ್ಯಾನಿಕ್ ಬಂದರು, ‘ಗ್ಯಾಸ್ ಖಾಲಿಯಾಗಿದೆ’ ಎಂದರು, ತುಂಬಿಸಿ ಹೋದರು. ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಹೀಗೆ ಎರಡು ಮೂರು ಸಲ ದುಡ್ಡು ಸುರಿದು, ಬೇಸತ್ತು, ಇಡೀ ಯಂತ್ರವನ್ನೇ ಗುಜರಿಗೆ ಹಾಕಿದ ಮನೆಗಳನ್ನು ಕಂಡಿದ್ದೇನೆ. ಅವುಗಳಲ್ಲೊಂದು ಯಂತ್ರಕ್ಕೆ ಬೇಕಿದ್ದುದು ಒಂದೇ ಒಂದು ನಟ್ಟಿನ ಜೋಡಣೆಯ ದುರಸ್ತಿ. ಆದ್ದರಿಂದ ಯಂತ್ರದ ವಯಸ್ಸು ಕೇಳಿದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಕೆಟ್ಟಿರುವುದು ಏನು, ಎಲ್ಲಿ ಎಂಬುದು ಮೊದಲು ಗೊತ್ತಾಗಲಿ.

ಹಂತ 1: ಫಿಲ್ಟರ್ ತೊಳೆಯಿರಿ, ಹೊರಗಿನ ಯೂನಿಟ್‌ಗೆ ಗಾಳಿಯಾಡಲು ಜಾಗ ಬಿಡಿಸಿ. ಒಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಬಹುತೇಕ ಡ್ರೈನ್ ಪೈಪ್ ಕಟ್ಟಿಕೊಂಡಿರುತ್ತದೆ, ಅಷ್ಟೇ.

ಹಂತ 2: 15 ನಿಮಿಷ ಓಡಿಸಿ, ಒಳ ಹೋಗುವ ಗಾಳಿಯ ಮತ್ತು ಹೊರಬರುವ ಗಾಳಿಯ ಉಷ್ಣತೆಯನ್ನು ಒಂದೇ ಥರ್ಮಾಮೀಟರ್‌ನಲ್ಲಿ ಅಳೆಯಿರಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು. ಅಷ್ಟಿದ್ದೂ ಕೋಣೆ ತಣ್ಣಗಾಗದಿದ್ದರೆ ತಪ್ಪು ಯಂತ್ರದ್ದಲ್ಲ. ಕಿಟಕಿಯ ಬಿಸಿಲು, ಬಾಗಿಲಿನ ಸಂದು, ಕೋಣೆಗೆ ಸಾಲದ ಟನ್ ಲೆಕ್ಕ (ಯಂತ್ರದ ತಂಪು ಕೊಡುವ ಸಾಮರ್ಥ್ಯ) ನೋಡಿ.

ಹಂತ 3: ‘ಕಂಪ್ರೆಸರ್ ಹೋಗಿದೆ’ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು ಕೆಟ್ಟಿದೆ) ಎಂದರೆ ಅಲ್ಲೇ ತಲೆಯಾಡಿಸಬೇಡಿ. ಹೊರಗಿನ ಯೂನಿಟ್ ಗುಂಯ್‌ಗುಟ್ಟಿ ಸುಮ್ಮನಾಗುತ್ತಿದ್ದರೆ ಮೊದಲ ಅನುಮಾನ ಕಂಪ್ರೆಸರಿನ ಮೋಟಾರಿಗೆ ಚಾಲನೆ ಕೊಡುವ ಪುಟ್ಟ ಡಬ್ಬಿಯಾದ ಕೆಪಾಸಿಟರ್ ಮೇಲಿರಲಿ. ಅದರ ತಲೆ ಉಬ್ಬಿದ್ದರೆ ಕೆಟ್ಟಂತೆಯೇ. ಉಬ್ಬದಿದ್ದರೂ ಮೀಟರಿನಲ್ಲಿ ಅಳೆಸಿ. (ನೀವೇ ಮುಟ್ಟಬೇಡಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.) ಇನ್ನೊಂದು ಎಡವಟ್ಟು: ಬಿಸಿಯೇರಿದ ಕಂಪ್ರೆಸರಿನ ಒಳಗಿರುವ ರಕ್ಷಣಾ ಸ್ವಿಚ್ ಬಿಟ್ಟುಕೊಂಡಾಗ ಅಳೆದರೆ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ತುಂಡಾದಂತೆಯೇ ತೋರುತ್ತದೆ. ಒಂದೆರಡು ಗಂಟೆ ಪೂರ್ತಿ ಆರಿದ ಮೇಲೆ ಮತ್ತೆ ಅಳೆಸಿ.

ಹಂತ 4: ಎಲ್ಲರೂ ಎಡವುವುದು ಇಲ್ಲಿ. ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಅಳವಡಿಸಿದ ದಿನವೇ ಕಡಿಮೆ ತುಂಬಿದ್ದಾರೆ. ಸೋರುವ ಜಾಗ ಹುಡುಕದೆ ತುಂಬಿಸುವುದು ರಿಪೇರಿಯಲ್ಲ.

ಹುಡುಕುವ ಕ್ರಮ ಹೀಗೆ. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಸೋರುವಲ್ಲಿ ಎಣ್ಣೆ ಜಿನುಗಿ ಅದರ ಮೇಲೆ ಧೂಳು ಕೂರುತ್ತದೆ. ಮೊದಲು ಹೇಳಿದ, ಒಂದೇ ನಟ್ಟಿನ ದುರಸ್ತಿ ಬೇಕಿದ್ದ ಮನೆಯಲ್ಲಿ ತಾಮ್ರದ ಕೊಳವೆಯ ನಟ್ಟನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದೆ. ಕಾಡಿಗೆಯಂಥ ಅಂಟು ಹತ್ತಿತು. ಯಂತ್ರ ಆರಿಸಿ, ಸೋಪಿನ ದಪ್ಪ ನೊರೆ ಬಳಿದು, ಎರಡು ನಿಮಿಷ ಕಣ್ಣು ಕೀಳದೆ ಕುಳಿತೆ. ಮೊದಲು ಏನೂ ಇಲ್ಲ. ಆಮೇಲೆ ನಟ್ಟಿನ ಕೆಳಬದಿಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಬೆನ್ನಿಗೊಂದು ಏಳತೊಡಗಿದವು. ಕೊಳವೆಯ ಬಾಯನ್ನು ಆಲಿಕೆಯಂತೆ ಅರಳಿಸಿ ಬಿಗಿಯುವ ಈ ‘ಫ್ಲೇರ್’ ಜೋಡಣೆ ಸೋರಿದರೆ ತುದಿ ಕತ್ತರಿಸಿ, ಹೊಸದಾಗಿ ಅರಳಿಸಿ ಬಿಗಿದರೆ ಸೋರಿಕೆ ನಿಂತಂತೆ. ಹಳೆಯ ಯಂತ್ರಕ್ಕೂ ಇಷ್ಟು ಖರ್ಚು ಮಾಡಬಹುದು.

ನೊರೆಗೆ ಸಿಗದಿದ್ದರೆ ನೈಟ್ರೋಜನ್ ತುಂಬಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕೆಲವು ಗಂಟೆ ಕಾದು ನೋಡಬೇಕು. ಯಾರಾದರೂ ನೈಟ್ರೋಜನ್ ಬದಲು ಆಮ್ಲಜನಕದ ಸಿಲಿಂಡರ್ ತಂದರೆ ಬಾಗಿಲಲ್ಲೇ ತಡೆಯಿರಿ. ಒತ್ತಡದ ಆಮ್ಲಜನಕ ಒಳಗಿನ ಎಣ್ಣೆಗೆ ತಗುಲಿದರೆ ಸ್ಫೋಟವಾಗಬಹುದು. ಸೋರಿಕೆ ಮುಚ್ಚುವ ಡಬ್ಬಿ ದ್ರವಗಳಂತೂ ಬೇಡವೇ ಬೇಡ; ತೇವ ತಾಗಿದರೆ ಗಟ್ಟಿಯಾಗುವ ಜಾತಿಯವು ಸಣ್ಣ ಕೊಳವೆಗಳನ್ನೇ ಕಟ್ಟಿಹಾಕುತ್ತವೆ.

ತೂತು ಒಳಗಿನ ಯೂನಿಟ್‌ನ ಕಾಯಿಲ್‌ನಲ್ಲಿದ್ದರೆ (ಗಾಳಿಯನ್ನು ತಂಪಾಗಿಸುವ ಕೊಳವೆ ಸುರುಳಿ) ಮಾತು ಬೇರೆ. ತಾಮ್ರ ಸವೆದು ಸೂಜಿಮೊನೆಯಂಥ ತೂತುಗಳಾಗಿರುತ್ತವೆ. ಒಂದನ್ನು ಬೆಸೆದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ವಾರಂಟಿ ಇದ್ದರೆ ಕಾಯಿಲ್ ಬದಲಿಸಿ. ಎಂಟು ವರ್ಷ ದಾಟಿದ್ದರೆ ನಾನು ಹೊಸ ಯಂತ್ರವನ್ನೇ ಕೊಳ್ಳುತ್ತೇನೆ.

ಹಂತ 5: ಈಗ ಲೆಕ್ಕ ಹಾಕಿ. ಯಂತ್ರಕ್ಕೆ ಹತ್ತು ವರ್ಷ ಮೀರಿ, ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬದಲಿಸಿ. ಹೊರಗಿನ ಯೂನಿಟ್‌ನ ಫಲಕದಲ್ಲಿ ‘ಆರ್-22’ ಎಂದಿದ್ದರೆ ದೊಡ್ಡ ರಿಪೇರಿಗೆ ಕೈಹಾಕಲೇಬೇಡಿ. ಓಜೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಅದರ ಬದಲು ಆರ್-410ಎ ಎಂಬ ಬೇರೆ ಗ್ಯಾಸ್ ತುಂಬುತ್ತೇವೆ ಎನ್ನುವವರನ್ನು ನಂಬಬೇಡಿ. ಅದರ ಒತ್ತಡ ಸುಮಾರು ಒಂದೂವರೆ ಪಟ್ಟು ಹೆಚ್ಚು, ಹಳೆಯ ಯಂತ್ರ ತಡೆಯದು.

ಹೊಸದು ತಂದರೆ ಕೊಳವೆಗಳೂ ಹೊಸವೇ ಆಗಲಿ. ಗ್ಯಾಸ್ ಬಿಡುವ ಮುನ್ನ ವ್ಯಾಕ್ಯೂಮ್ ಪಂಪ್‌ನಿಂದ ಕೊಳವೆಯ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು. ಒಂದಿಷ್ಟು ಗ್ಯಾಸ್ ಬಿಟ್ಟು ಗಾಳಿಯನ್ನು ಹೊರದಬ್ಬುವ ಅಡ್ಡದಾರಿಯಲ್ಲಿ ತೇವ ಒಳಗೇ ಉಳಿದು ಕಂಪ್ರೆಸರನ್ನು ತಿನ್ನುತ್ತದೆ. ಪಂಪ್ ತರುತ್ತೀರಾ ಎಂದು ಫೋನಿನಲ್ಲೇ ಕೇಳಿ, ತರುತ್ತೇವೆ ಎಂದವರಿಗೆ ಮಾತ್ರ ದಿನ ಗೊತ್ತುಮಾಡಿ.